ಮೇಚೇರಿಯ ಲೆಕ್ಕ, ಉಳ್ಳಾಲದ ಲೆಕ್ಕ

ಜಮಾಅತ್ ಸಭೆಯಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ನಮ್ಮವರು ಪದೇ ಪದೇ ಕೇಳುವ ಒಂದು ಪ್ರಶ್ನೆ ಇದೆ: ಬ್ಯಾರಿಗಳು ಒಟ್ಟು ಎಷ್ಟು ಜನ? ಒಬ್ಬರು ಒಂದು ಸಂಖ್ಯೆ ಹೇಳಿದರೆ ಇನ್ನೊಬ್ಬರು ಅದರ ಎರಡು ಪಟ್ಟು ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಯಾರ ಕೈಯಲ್ಲೂ ಆಧಾರ ಇಲ್ಲ, ಅಷ್ಟೆ. ವಿದ್ಯಾರ್ಥಿವೇತನ ಕೇಳಲು ಹೋದಾಗ, ಶಾಲೆ ಬೇಕು ಎಂದು ಮನವಿ ಕೊಡುವಾಗ, ಬ್ಯಾರಿ ಭಾಷೆಗೆ ಇನ್ನಷ್ಟು ಅನುದಾನ ಬೇಕು ಎನ್ನುವಾಗ ಅಧಿಕಾರಿ ಕೇಳುವ ಮೊದಲ ಮಾತು "ನಿಮ್ಮಲ್ಲಿ ಅಂಕಿಅಂಶ ಇದೆಯೇ?" ನಾವು ಮುಖ ಮುಖ ನೋಡಿಕೊಳ್ಳುತ್ತೇವೆ.

ಅಂಕಿಅಂಶ ಸಂಗ್ರಹಿಸುವುದು ಸರ್ಕಾರ. ಅದನ್ನು ಇಟ್ಟುಕೊಂಡಿರುವುದೂ ಸರ್ಕಾರ. "ಎಲ್ಲವೂ ಆನ್‌ಲೈನ್‌ನಲ್ಲಿ ಇದೆಯಲ್ಲ, ನೋಡಿಕೊಳ್ಳಿ" ಎಂಬ ಉತ್ತರವೂ ಸಿಗುತ್ತದೆ. ನನ್ನ ವಾದ ಇಷ್ಟೇ. ಇದೆ ಎನ್ನುವುದು ಬೇರೆ, ಸಿಗುತ್ತದೆ ಎನ್ನುವುದು ಬೇರೆ, ಸಿಕ್ಕಿದ್ದು ಅರ್ಥವಾಗುತ್ತದೆ ಎನ್ನುವುದು ಇನ್ನೂ ಬೇರೆ. ಸಾಮಾನ್ಯ ಕುಟುಂಬವೊಂದು ತನ್ನ ಪ್ರಶ್ನೆಗೆ ಉತ್ತರ ಪಡೆಯಲಾಗದ ಪೋರ್ಟಲನ್ನು ತೆರೆದ ಪೋರ್ಟಲ್ ಎಂದು ಕರೆಯುವುದು ಸರಿಯಲ್ಲ. ಅದನ್ನು ಸರಿಪಡಿಸಿ ಎಂದು ಕೇಳುವ ಕೆಲಸವನ್ನು ಇಂಜಿನಿಯರುಗಳಿಗೆ ಬಿಟ್ಟು ನಾವು ಸುಮ್ಮನಿರುವುದೂ ಸರಿಯಲ್ಲ.

ಕಾನೂನು ನಮ್ಮ ಕಡೆಗೇ ಇದೆ

ಇದು ಉಪಕಾರ ಬೇಡುವ ಮಾತಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಯಾರೂ ಅರ್ಜಿ ಹಾಕದಿದ್ದರೂ ಇಲಾಖೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು. ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಜನರನ್ನು ತಲುಪುವ ಪರಿಣಾಮಕಾರಿ ವಿಧಾನವನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯನ್ನು ತಂದಿತು. ಅದೇ ವರ್ಷ ಡೇಟಾ.ಗವ್.ಇನ್ ಎಂಬ ಪೋರ್ಟಲ್ ಶುರುವಾಯಿತು. ಅಮೆರಿಕ 2009ರಲ್ಲಿ, ಬ್ರಿಟನ್ 2010ರಲ್ಲಿ ಇಂಥದ್ದನ್ನೇ ತೆರೆದಿದ್ದವು. ನಮ್ಮ ರಾಜ್ಯದ 'ಮಾಹಿತಿ ಕಣಜ' ಕನ್ನಡದಲ್ಲೇ ಪಡಿತರ, ಉದ್ಯೋಗ ಖಾತರಿ, ಪಹಣಿ ಮುಂತಾದ ವಿವರಗಳನ್ನು ಕೊಡುತ್ತದೆ.

ಹಾಗಾದರೆ ತೊಡಕು ಎಲ್ಲಿ? ಅದನ್ನು ತಿಳಿಯಲು ನಮ್ಮ ಊರನ್ನು ಬಿಟ್ಟು ಬೇರೆ ಒಂದು ಊರನ್ನು ತೆಗೆದುಕೊಳ್ಳೋಣ. ನಮ್ಮ ಊರಾದರೆ ಅರ್ಧ ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ, ಪೋರ್ಟಲ್ ಕೈಕೊಟ್ಟದ್ದು ಗಮನಕ್ಕೇ ಬರುವುದಿಲ್ಲ.

ಮೇಚೇರಿಯಲ್ಲಿ ಒಂದು ಪರೀಕ್ಷೆ

ತಮಿಳುನಾಡಿನ ಸೇಲಂ ಜಿಲ್ಲೆ, ಮೆಟ್ಟೂರು ತಾಲ್ಲೂಕು, ಮೇಚೇರಿ. ಕುರಿಯ ವ್ಯಾಪಾರ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಮಾಂಸಕ್ಕೂ ಚರ್ಮಕ್ಕೂ ಹೆಸರಾದ ಮೇಚೇರಿ ತಳಿಯ ಕುರಿ ಇದೇ ಭಾಗದ್ದು. ಸೇಲಂ, ಧರ್ಮಪುರಿ ಭಾಗದಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಅವರ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸರ್ಕಾರದ ಅಂಕಿಅಂಶದ ಕಡತದಲ್ಲಿ ಇಂಗ್ಲಿಷ್. ನಮ್ಮ ಮಂಜೇಶ್ವರದ ಬ್ಯಾರಿ ಕುಟುಂಬದ ಸ್ಥಿತಿ ನೆನಪಾಗುವುದಿಲ್ಲವೇ? ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ, ಕಡತದಲ್ಲಿ ಅದೇ ಇಂಗ್ಲಿಷ್. ಗಡಿಯಲ್ಲಿ ಬದುಕುವವರ ಕಷ್ಟ ಎಲ್ಲ ಕಡೆಯೂ ಒಂದೇ ಅಚ್ಚು.

ಪ್ರಶ್ನೆ ಸರಳ. ಮೇಚೇರಿಯ ಸುತ್ತಮುತ್ತ ಕನ್ನಡ ಮಾತೃಭಾಷೆಯವರು ಎಷ್ಟು ಜನ? ಈ ಸಂಖ್ಯೆ ಏರುತ್ತಿದೆಯೇ, ಇಳಿಯುತ್ತಿದೆಯೇ?

ಮೊದಲ ತೊಡಕು ಹೆಸರಿನದು. ತಮಿಳಿನಲ್ಲಿ ಚಕಾರ ಒತ್ತಿ 'ಮೇಚ್ಚೇರಿ', ಕನ್ನಡದಲ್ಲಿ 'ಮೇಚೇರಿ', ಇಂಗ್ಲಿಷಿನಲ್ಲಿ ಬರೆದವರು ಬರೆದಂತೆ. ಒಂದು ಅಕ್ಷರ ತಪ್ಪಿದರೆ ಹುಡುಕುವ ಪೆಟ್ಟಿಗೆ ಕೈ ಎತ್ತುತ್ತದೆ. ಬ್ಯಾರಿ ಎಂಬ ನಮ್ಮ ಹೆಸರನ್ನೇ ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯುತ್ತಾರೆ ಎಂದು ಎಣಿಸಿ ನೋಡಿ. ಇದಕ್ಕೆ ಮದ್ದು ಸರ್ಕಾರದ ಬಳಿಯೇ ಇದೆ. ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಪಟ್ಟಣಕ್ಕೂ ಒಂದು ಸಂಕೇತ ಸಂಖ್ಯೆ ಕೊಡಲಾಗಿದೆ. ಎಲ್ಲ ಇಲಾಖೆಗಳೂ ಎಲ್ಲ ಕಡತಗಳಲ್ಲೂ ಆ ಸಂಖ್ಯೆಯನ್ನು ಹಾಕಿ, ಹುಡುಕುವವರು ಯಾವ ಲಿಪಿಯಲ್ಲಿ ಬರೆದರೂ ಆ ಸಂಖ್ಯೆಗೆ ಕರೆದೊಯ್ದರೆ ಮುಗಿಯಿತು.

ಎರಡನೆಯ ತೊಡಕು ಕಡತದ್ದು. 2011ರ ಜನಗಣತಿಯ ಮಾತೃಭಾಷೆಯ ವಿವರ 'ಸಿ-16' ಎಂಬ ಕೋಷ್ಟಕದಲ್ಲಿದೆ. ಅದಕ್ಕೆ ಆ ಹೆಸರು ಎಂದು ಗೊತ್ತಿರದವರಿಗೆ ದಾರಿಯೇ ಇಲ್ಲ. ಗೊತ್ತಿದ್ದವರಿಗೆ ಸಿಗುವುದು ಇಡೀ ರಾಜ್ಯಕ್ಕೆ ಸೇರಿದ ಒಂದು ದೊಡ್ಡ ಎಕ್ಸೆಲ್ ಕಡತ. ಜಿಲ್ಲೆ, ತಾಲ್ಲೂಕು, ಭಾಷೆ, ಗ್ರಾಮೀಣ, ನಗರ, ಗಂಡು, ಹೆಣ್ಣು ಎಂದು ಸಾಲು ಸಾಲು. ಮೆಟ್ಟೂರು ತಾಲ್ಲೂಕಿನ ಕನ್ನಡದ ಸಾಲು ಅದರೊಳಗೆ ಎಲ್ಲೋ ಇದೆ. ಕಂಪ್ಯೂಟರ್ ಬಲ್ಲ ಹುಡುಗ ಹತ್ತು ನಿಮಿಷದಲ್ಲಿ ಹುಡುಕಿಯಾನು. ನಮ್ಮ ಮನೆಗಳಲ್ಲಿ ಇಂಟರ್ನೆಟ್ ಎಂದರೆ ಮೊಬೈಲ್. ಮೊಬೈಲಿನಲ್ಲಿ ಆ ಕಡತ ತೆರೆದು ಬೆರಳಿನಿಂದ ಎಳೆಯುತ್ತಾ ಹೋದರೆ ಕಣ್ಣು ಸೋಲುತ್ತದೆ, ಸಾಲು ಸಿಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಕಾಣುವುದೇ ಇಲ್ಲ. ಅದು ಗಡಿಯದು. ಏರಿದೆಯೇ ಇಳಿದಿದೆಯೇ ಎಂದು ತಿಳಿಯಲು ಹಳೆಯ ಗಣತಿಯ ಜೊತೆ ಹೋಲಿಸಬೇಕು. ಆದರೆ ಹಳೆಯ 'ಸೇಲಂ' ಇಂದಿನ ಸೇಲಂ ಅಲ್ಲ. 1965ರಲ್ಲಿ ಅದರಿಂದ ಧರ್ಮಪುರಿ ಬೇರೆಯಾಯಿತು. 1997ರಲ್ಲಿ ನಾಮಕ್ಕಲ್ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯನ್ನೂ ಒಡೆದು ಕೃಷ್ಣಗಿರಿ ಜಿಲ್ಲೆ ಮಾಡಿದರು. ಕನ್ನಡ ಮಾತಾಡುವವರು ಹೆಚ್ಚಾಗಿರುವ ಹೊಸೂರು, ಡೆಂಕಣಿಕೋಟೆ ಕಡೆಯ ಭಾಗಗಳು ಕೃಷ್ಣಗಿರಿಗೆ ಹೋದವು. ಈಗ ಒಬ್ಬ ವಿದ್ಯಾರ್ಥಿ 2001ರ ಧರ್ಮಪುರಿಯ ಸಾಲನ್ನೂ 2011ರ ಧರ್ಮಪುರಿಯ ಸಾಲನ್ನೂ ಪಕ್ಕಪಕ್ಕ ಇಟ್ಟರೆ ಏನಾಗುತ್ತದೆ? ಹತ್ತು ವರ್ಷದಲ್ಲಿ ಕನ್ನಡಿಗರು ಕುಸಿದೇ ಹೋದರು ಎಂದು ಬರೆಯುತ್ತಾನೆ. ಯಾರೂ ಕುಸಿದಿಲ್ಲ, ಯಾರೂ ಮನೆ ಬಿಟ್ಟಿಲ್ಲ. ನಕ್ಷೆಯ ಮೇಲಿನ ಗೆರೆ ಸರಿದಿದೆ. ಜಿಲ್ಲೆಯ ಹೆಸರಿನ ಪಕ್ಕ "2004ರಲ್ಲಿ ವಿಭಜನೆಯಾಗಿದೆ, ನೇರವಾಗಿ ಹೋಲಿಸಬೇಡಿ" ಎಂಬ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಈಗ ಮನೆಗೆ ಬರೋಣ

ಇದೇ ಪರೀಕ್ಷೆಯನ್ನು ನಮ್ಮ ಕರಾವಳಿಗೆ ತಂದು ನೋಡಿ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಾಸರಗೋಡೂ ಇತ್ತು, ಉಡುಪಿಯೂ ಇತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿ ಇದ್ದದ್ದು ಐದು ತಾಲ್ಲೂಕು: ಮಂಗಳೂರು, ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ. ಆಮೇಲೆ ಮೂಡುಬಿದಿರೆ, ಕಡಬ, ಮೂಲ್ಕಿ, ಉಳ್ಳಾಲ ತಾಲ್ಲೂಕುಗಳಾದವು. ಹಾಗಾಗಿ ಬ್ಯಾರಿಗಳು ದಟ್ಟವಾಗಿ ವಾಸಿಸುವ ಉಳ್ಳಾಲ ತಾಲ್ಲೂಕಿನ ಸಾಕ್ಷರತೆ ಎಷ್ಟು ಎಂದು 2011ರ ಕೋಷ್ಟಕದಲ್ಲಿ ಹುಡುಕಿದರೆ ಆ ಹೆಸರಿನ ತಾಲ್ಲೂಕೇ ಅಲ್ಲಿಲ್ಲ. ಮಂಗಳೂರು ತಾಲ್ಲೂಕಿನ ಒಳಗಿನ ಹಳ್ಳಿಗಳನ್ನು ಒಂದೊಂದಾಗಿ ಆರಿಸಿ ಕೂಡಿಸಬೇಕು. ಯಾವ ಹಳ್ಳಿ ಈಗ ಯಾವ ತಾಲ್ಲೂಕಿನಲ್ಲಿದೆ ಎಂಬ ಪಟ್ಟಿಯನ್ನು ಇನ್ನೆಲ್ಲಿಂದಲೋ ತರಬೇಕು. ಒಂದು ಗುಂಡಿ ಒತ್ತಿದರೆ ಸಿಗಬೇಕಾದದ್ದಕ್ಕೆ ಒಂದು ವಾರದ ಕೆಲಸ.

ಇನ್ನು ಭಾಷೆಯ ವಿಷಯ. 2011ರಲ್ಲಿ ದೇಶದ ಜನ ತಮ್ಮ ಮಾತೃಭಾಷೆ ಎಂದು ಬರೆಸಿದ ಹೆಸರುಗಳು 19,569. ಅವನ್ನು ಪರಿಶೀಲಿಸಿ, ಒಟ್ಟುಗೂಡಿಸಿ 1,369 ಮಾತೃಭಾಷೆಗಳಾಗಿ ಇಳಿಸಿದರು. ಹತ್ತು ಸಾವಿರಕ್ಕಿಂತ ಹೆಚ್ಚು ಜನ ಮಾತಾಡುವ 270 ಮಾತೃಭಾಷೆಗಳನ್ನು 121 ಭಾಷೆಗಳ ಕೆಳಗೆ ಪ್ರಕಟಿಸಿದರು. ಆ 270ರಲ್ಲಿ ಬ್ಯಾರಿ ಇಲ್ಲ. ಕರ್ನಾಟಕ ಸರ್ಕಾರ 2007ರಲ್ಲೇ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿದೆ. 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿಯನ್ನು 'ಬ್ಯಾರಿ' ಎಂಬ ಹೆಸರಿನ ಸಿನಿಮಾ ಹಂಚಿಕೊಂಡಿತು. ಅದೇ 2011ರ ಗಣತಿಯ ಪಟ್ಟಿಯಲ್ಲಿ ಮಾತ್ರ ಭಾಷೆ ಕಾಣೆ.

ಬ್ಯಾರಿ ಮಾತಾಡುವವರು ಹತ್ತು ಸಾವಿರಕ್ಕಿಂತ ಕಡಿಮೆ ಎಂದು ಯಾರೂ ನಂಬಲಾರರು. ಹಾಗಾದರೆ ಉಳಿಯುವ ಸಾಧ್ಯತೆ ಎರಡು. ಒಂದೋ ನಾವೇ ಕನ್ನಡ, ಮಲಯಾಳಂ, ಉರ್ದು ಎಂದು ಬೇರೆ ಬೇರೆ ಬರೆಸಿದ್ದೇವೆ. ಇಲ್ಲವೇ ನಾವು ಬ್ಯಾರಿ ಎಂದು ಬರೆಸಿದ್ದನ್ನು ಒಟ್ಟುಗೂಡಿಸುವಾಗ ಬೇರೆ ಹೆಸರಿನ ಕೆಳಗೆ ಸೇರಿಸಿದ್ದಾರೆ. ಮೊದಲನೆಯದಾದರೆ ನಾವು ಮನೆಮನೆಯಲ್ಲಿ ಅರಿವು ಮೂಡಿಸಬೇಕು. ಎರಡನೆಯದಾದರೆ ಜನಗಣತಿ ಕಚೇರಿಗೆ ಮನವಿ ಕೊಡಬೇಕು. ಮದ್ದು ಬೇರೆ ಬೇರೆ. ಆದರೆ ಕಾಯಿಲೆ ಯಾವುದು ಎಂದು ಪ್ರಕಟಿತ ಪಟ್ಟಿಯಿಂದ ತಿಳಿಯುವುದಿಲ್ಲ. ಅಂಕಿಅಂಶ ತೆರೆದಿಟ್ಟಿದ್ದೇವೆ ಎನ್ನುವವರು ಯಾವ ಹೆಸರನ್ನು ಯಾವುದರ ಜೊತೆ ಸೇರಿಸಿದೆವು ಎಂಬ ಪಟ್ಟಿಯನ್ನೂ ತೆರೆದಿಡಬೇಕು. ಅದಿಲ್ಲದೆ ಸಣ್ಣ ಭಾಷೆಗಳವರಿಗೆ ಈ ಪೋರ್ಟಲಿನಿಂದ ಏನು ಪ್ರಯೋಜನ?

ಸರಿಯಾಗಿ ಮಾಡಿದರೆ ಹೇಗಿರುತ್ತದೆ

ದೂರು ಮಾತ್ರ ಹೇಳಿದರೆ ಸಾಲದು. ಸರಿಯಾದ ಉದಾಹರಣೆಗಳೂ ಕಣ್ಣ ಮುಂದೆ ಇವೆ.

ಮೇಚೇರಿಗೆ ಸಮೀಪದಲ್ಲೇ ಮೆಟ್ಟೂರು ಅಣೆಕಟ್ಟು ಇದೆ. 1934ರಲ್ಲಿ ಮುಗಿದದ್ದು. ಗರಿಷ್ಠ ಮಟ್ಟ 120 ಅಡಿ, ಹಿಡಿಯುವ ನೀರು 93.47 ಟಿಎಂಸಿ. ಕಾವೇರಿ ಬಯಲಿನ ರೈತರು ಪ್ರತಿದಿನ ನೋಡುವ ಸಂಖ್ಯೆ ಮೆಟ್ಟೂರಿನ ಮಟ್ಟ. ಇತ್ತ ನಮ್ಮ ರಾಜ್ಯದಲ್ಲಿ ಕೆಆರ್‌ಎಸ್ ಮಟ್ಟ 124.80 ಅಡಿಗೆ ಎಷ್ಟು ಬಾಕಿ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಈ ಸಂಖ್ಯೆ ಏಕೆ ಎಲ್ಲರಿಗೂ ಅರ್ಥವಾಗುತ್ತದೆ? ಇಂದಿನ ಮಟ್ಟ ಎಷ್ಟು, ಗರಿಷ್ಠ ಎಷ್ಟು, ಯಾವ ದಿನದ್ದು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನೆಲ್ಲ ಒಟ್ಟಿಗೆ, ನಮ್ಮ ಭಾಷೆಯಲ್ಲಿ, ಪ್ರತಿದಿನ ಕೊಡುತ್ತಾರೆ. ಹೋಲಿಸಲು ಅಳತೆಗೋಲು ಸಂಖ್ಯೆಯ ಪಕ್ಕದಲ್ಲೇ ಇರುತ್ತದೆ. ಶಾಲೆ ಬಿಟ್ಟ ಮಕ್ಕಳ ಸಂಖ್ಯೆಯನ್ನೂ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯನ್ನೂ ಹೀಗೆಯೇ ಕೊಡಬಹುದಲ್ಲವೇ?

ಎರಡನೆಯದು ಪಹಣಿ. ಕರ್ನಾಟಕದ 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಇಂದು ಇಂಗ್ಲಿಷ್ ಬಾರದ ಕೃಷಿಕನೂ ತನ್ನ ಪಹಣಿ ನೋಡಬಲ್ಲ. ಕಾರಣ, ಅಲ್ಲಿ ಹುಡುಕುವ ದಾರಿ ಜನರ ತಲೆಯಲ್ಲಿರುವ ದಾರಿಯೇ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಅಲ್ಲಿಯೂ 'ಸರ್ನಾಕ್' ಎಂಬ ಪೆಟ್ಟಿಗೆಯಲ್ಲಿ ಬರೀ ಒಂದು ನಕ್ಷತ್ರದ ಗುರುತು ಕಂಡು ತಬ್ಬಿಬ್ಬಾದವರು ಎಷ್ಟೋ ಮಂದಿ. ಆದರೂ ದಾರಿ ಪರಿಚಿತವಾದ್ದರಿಂದ ಜನ ದಾಟಿಕೊಂಡು ಹೋಗುತ್ತಾರೆ. ಅಂಕಿಅಂಶದ ಪೋರ್ಟಲುಗಳು ಇಲಾಖೆ, ಕೋಷ್ಟಕದ ಸಂಖ್ಯೆ, ಕಡತದ ಮಾದರಿ ಎಂಬ ಅಧಿಕಾರಿಯ ದಾರಿಯಲ್ಲಿ ನಡೆಸುತ್ತವೆ. ಬಳಸುವವನಿಗೆ ಗೊತ್ತಿರುವುದು ತನ್ನ ಊರು ಮತ್ತು ತನ್ನ ಪ್ರಶ್ನೆ ಮಾತ್ರ.

ಪೋರ್ಟಲ್ ಸುಲಭವಾಗಿರಬೇಕು ಎನ್ನುವುದು ಬರೀ ಅನುಕೂಲದ ಮಾತೂ ಅಲ್ಲ. ವಕ್ಫ್ ಆಸ್ತಿಗಳ ನೋಂದಣಿಗೆ 2025ರ ಜೂನ್ 6ರಂದು 'ಉಮೀದ್' ಪೋರ್ಟಲ್ ತೆರೆದು ಆರು ತಿಂಗಳ ಗಡುವು ಕೊಟ್ಟಾಗ ನಮ್ಮ ಮಸೀದಿ ಕಮಿಟಿಗಳಿಗೆ ಇದು ಚೆನ್ನಾಗಿ ಅರ್ಥವಾಗಿದೆ. ಗಡುವು ಮುಗಿದಾಗ ಸಚಿವಾಲಯ ಕೊಟ್ಟ ಲೆಕ್ಕದಂತೆ 5,17,040 ಆಸ್ತಿಗಳ ನೋಂದಣಿ ಶುರುವಾಗಿತ್ತು, ಅನುಮೋದನೆ ಸಿಕ್ಕಿದ್ದು 2,16,905ಕ್ಕೆ. ಹಳೆಯ 'ವಾಮ್ಸಿ' ಪೋರ್ಟಲಿನಲ್ಲಿ ಸುಮಾರು 8.72 ಲಕ್ಷ ಆಸ್ತಿಗಳಿದ್ದವು. ಈ ಅಂತರಕ್ಕೆ ಕಾರಣಗಳು ಹಲವು ಇರಬಹುದು, ಕಾನೂನಿನ ಚರ್ಚೆ ಬೇರೆಯೇ ಇದೆ. ಆದರೆ ಹಳೆಯ ದಾಖಲೆಯನ್ನು ಹುಡುಕಿ, ಅಳತೆ ಬದಲಿಸಿ, ಇಂಗ್ಲಿಷಿನ ಪೆಟ್ಟಿಗೆಗಳಲ್ಲಿ ತುಂಬಿಸುವ ಕೆಲಸ ಒಬ್ಬ ಮುತವಲ್ಲಿಯ ಮೇಲೆ ಬಿದ್ದಾಗ ಪರದೆಯ ಮೇಲಿನ ಒಂದು ಗೊಂದಲವೂ ಆಸ್ತಿಯ ಪ್ರಶ್ನೆಯಾಗುತ್ತದೆ.

ಐದು ಜನ, ಒಂದು ಪ್ರಶ್ನೆ, ಇಪ್ಪತ್ತು ನಿಮಿಷ

ಪೋರ್ಟಲನ್ನು ಅಳೆಯಲು ದೊಡ್ಡ ಸಂಸ್ಥೆ ಬೇಕಿಲ್ಲ. ಬಳಕೆಯ ಪರೀಕ್ಷೆಯಲ್ಲಿ ಹೆಸರಾದ ಜೇಕಬ್ ನೀಲ್ಸನ್ ಎಂಬ ತಜ್ಞರು ತೋರಿಸಿಕೊಟ್ಟಂತೆ, ಐದು ಜನರನ್ನು ಕೂರಿಸಿ ಕೆಲಸ ಮಾಡಿಸಿ ನೋಡಿದರೆ ಹೆಚ್ಚಿನ ತೊಡಕುಗಳು ಬಯಲಾಗುತ್ತವೆ. ಐದು ಜನ ನಮ್ಮ ಒಂದೇ ಮನೆಯಲ್ಲಿ ಸಿಗುತ್ತಾರೆ. ಹತ್ತನೇ ತರಗತಿಯ ಮಗಳು, ಕಾಲೇಜಿನ ಮಗ, ಅಂಗಡಿ ನಡೆಸುವ ಉಪ್ಪ, ಕನ್ನಡ ಓದಬಲ್ಲ ಉಮ್ಮ, ಜಮಾಅತ್‌ನ ಕಾರ್ಯದರ್ಶಿಯಾಗಿರುವ ಕಾಕ.

ಎಲ್ಲರಿಗೂ ಒಂದೇ ಪ್ರಶ್ನೆ ಕೊಡಿ: "ನಮ್ಮ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಎಷ್ಟು?" ಅವರವರ ಮೊಬೈಲಿನಲ್ಲೇ ಹುಡುಕಲಿ. ನೀವು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ, ಸಹಾಯ ಮಾಡಬೇಡಿ. ಉತ್ತರ ಸಿಕ್ಕಿತೇ? ಎಷ್ಟು ನಿಮಿಷ ಹಿಡಿಯಿತು? ಎಲ್ಲಿ ನಿಂತರು, ಯಾವ ಪದ ಅರ್ಥವಾಗಲಿಲ್ಲ? ಸಿಕ್ಕಿದ ಸಂಖ್ಯೆ ಯಾವ ವರ್ಷದ್ದು ಎಂದು ಹೇಳಬಲ್ಲರೇ? ಐದು ಜನರ ಐದು ಹಾಳೆ ಸೇರಿದರೆ ಅದೇ ವರದಿ. ಅದಕ್ಕೊಂದು ಪತ್ರ ಲಗತ್ತಿಸಿ ಜಿಲ್ಲಾಡಳಿತಕ್ಕೂ ಪೋರ್ಟಲಿನ ವಿಳಾಸಕ್ಕೂ ಕಳಿಸಿ. "ನಿಮ್ಮ ಪೋರ್ಟಲ್ ಚೆನ್ನಾಗಿಲ್ಲ" ಎಂಬ ದೂರನ್ನು ಬದಿಗಿಡಬಹುದು. "ಐವರಲ್ಲಿ ನಾಲ್ವರಿಗೆ ಈ ಪುಟದ ಈ ಜಾಗದಲ್ಲಿ ದಾರಿ ತಪ್ಪಿತು" ಎಂಬುದನ್ನು ಬದಿಗಿಡುವುದು ಕಷ್ಟ.

ಕೇಳಬೇಕಾದ್ದು ಇವು. ಕನ್ನಡ, ತಮಿಳು, ಮಲಯಾಳಂ ಲಿಪಿಯಲ್ಲಿ ಹುಡುಕಿದರೂ ಊರು ಸಿಗಬೇಕು. ಪ್ರತಿ ತಾಲ್ಲೂಕಿಗೂ ಮೊಬೈಲಿನಲ್ಲಿ ತೆರೆಯುವ ಒಂದು ಪುಟ ಇರಬೇಕು. ಗಡಿ ಬದಲಾಗಿದ್ದರೆ ಅದರ ಟಿಪ್ಪಣಿಯೂ ಇಂದಿನ ಗಡಿಗೆ ಹೊಂದಿಸಿದ ಹಳೆಯ ಸಂಖ್ಯೆಯೂ ಇರಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಸಾಲದು. ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ, ನಕಲು ಮಾಡಿದರೆ ಅರ್ಥವಿಲ್ಲದ ಅಕ್ಷರಗಳಾಗಿ ಬರುವ ಕಡತವೂ ಸಾಲದು. ಯೂನಿಕೋಡ್ ಅಕ್ಷರದಲ್ಲಿ, ಲೆಕ್ಕ ಹಾಕಲು ಬರುವ ಕೋಷ್ಟಕವಾಗಿ ಕೊಡಬೇಕು. ಪ್ರತಿ ಪುಟದಲ್ಲೂ ಮಾಹಿತಿ ಯಾವ ದಿನದ್ದು, ತಪ್ಪಿದ್ದರೆ ಯಾವ ಅಧಿಕಾರಿಗೆ ಹೇಳಬೇಕು ಎಂದು ಬರೆದಿರಬೇಕು.

ಎರಡು ಆಕ್ಷೇಪಗಳು

"ಮಾಹಿತಿ ಹೊರಗೆ ಬಂದರೆ ನಮ್ಮ ವಿರುದ್ಧವೇ ಬಳಸುತ್ತಾರೆ" ಎಂದು ಹಿರಿಯರು ಹೇಳುತ್ತಾರೆ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದ್ದರಿಂದಲೇ ಎರಡನ್ನು ಬೇರೆ ಮಾಡಿ ನೋಡಬೇಕು. ಯಾರ ಮನೆಯಲ್ಲಿ ಯಾರಿದ್ದಾರೆ, ಅವರ ಫೋನ್ ಯಾವುದು, ಯಾರಿಗೆ ಯಾವ ನೆರವು ಸಿಕ್ಕಿತು ಎಂಬುದು ಖಾಸಗಿ. ಅದು ಮುಚ್ಚಿಯೇ ಇರಲಿ. ತಾಲ್ಲೂಕಿನಲ್ಲಿ ಎಷ್ಟು ಮಕ್ಕಳು ಅರ್ಜಿ ಹಾಕಿದರು, ಎಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಸಿಕ್ಕಿತು ಎಂಬ ಒಟ್ಟು ಲೆಕ್ಕ ಸಾರ್ವಜನಿಕ. 2022-23ರಿಂದ ಕೇಂದ್ರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿದರು. ಅದರಿಂದ ನಮ್ಮ ತಾಲ್ಲೂಕಿನ ಎಷ್ಟು ಮಕ್ಕಳಿಗೆ ತಪ್ಪಿತು ಎಂದು ಹೇಳಬಲ್ಲವರು ಎಷ್ಟು ಜನ? ಈ ಲೆಕ್ಕ ಮುಚ್ಚಿದ್ದರೆ ಲಾಭ ನಮಗಲ್ಲ.

"ಈಗ ಎಐ ಬಂದಿದೆ, ಅದನ್ನೇ ಕೇಳಿದರಾಯಿತು" ಎನ್ನುವವರು ಯುವಕರು. ಒಳ್ಳೆಯದು. ಆದರೆ ಧರ್ಮಪುರಿಯ ಗಡಿ ಬದಲಾದ ಟಿಪ್ಪಣಿ ಇಲ್ಲದ ಕಡತವನ್ನು ಅದಕ್ಕೆ ಕೊಟ್ಟರೆ ಅದೂ ಕನ್ನಡಿಗರು ಕುಸಿದರು ಎಂದೇ ಹೇಳೀತು, ಇನ್ನಷ್ಟು ನಯವಾದ ಮಾತಿನಲ್ಲಿ. ಬಾವಿಯ ನೀರು ಕೆಟ್ಟಿದ್ದರೆ ಪಂಪ್ ಹೊಸದಾದರೇನು?

ಮುಂದಿನ ಲೆಕ್ಕಕ್ಕೆ ಮೊದಲು

2025ರ ಜೂನ್ 16ರ ಅಧಿಸೂಚನೆಯ ಪ್ರಕಾರ ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಇದು ಡಿಜಿಟಲ್ ಗಣತಿ. ಮನೆಯವರೇ ಮೊಬೈಲಿನಲ್ಲಿ ವಿವರ ತುಂಬಲೂ ಅವಕಾಶ ಇದೆ ಎಂದು ಸರ್ಕಾರ ಹೇಳಿದೆ. ಮಾತೃಭಾಷೆಯ ಪ್ರಶ್ನೆಗೆ ಮನೆಯ ಪ್ರತಿಯೊಬ್ಬ ಸದಸ್ಯನ ಹೆಸರಿನ ಮುಂದೆಯೂ 'ಬ್ಯಾರಿ' ಎಂದೇ, ಒಂದೇ ರೀತಿಯ ಅಕ್ಷರದಲ್ಲಿ ಬರೆಸಬೇಕು. ತೊಟ್ಟಿಲ ಮಗುವಿಗೂ ಅದೇ. ಇಂಗ್ಲಿಷಿನಲ್ಲಿ ಯಾವ ಅಕ್ಷರಗಳು ಎಂಬುದನ್ನು ಅಕಾಡೆಮಿಯೂ ಸಂಘಟನೆಗಳೂ ಸೇರಿ ಮೊದಲೇ ತೀರ್ಮಾನಿಸಿ ಎಲ್ಲ ಜಮಾಅತ್‌ಗಳಿಗೆ ತಿಳಿಸಬೇಕು. ಜೊತೆಗೆ, ಭಾಷೆಗಳನ್ನು ಒಟ್ಟುಗೂಡಿಸಿದ ಪಟ್ಟಿಯನ್ನು ಈ ಬಾರಿ ಪ್ರಕಟಿಸಿ ಎಂದು ಜನಗಣತಿ ಕಚೇರಿಗೆ ಈಗಲೇ ಮನವಿ ಹೋಗಬೇಕು. ಕಾಸರಗೋಡಿನ ಕನ್ನಡಿಗರು, ಮೇಚೇರಿ ಕಡೆಯ ಕನ್ನಡ ಕುಟುಂಬಗಳು, ಕೊರಗರು, ಕೊಡವರು, ಕೊಂಕಣಿಗರು ಎಲ್ಲರಿಗೂ ಇದು ಬೇಕಾದದ್ದೇ. ಅವರನ್ನೂ ಜೊತೆಗೆ ಕರೆದುಕೊಳ್ಳೋಣ. ಒಂಟಿ ದನಿಗಿಂತ ಒಟ್ಟು ದನಿ ದೂರ ಕೇಳಿಸುತ್ತದೆ.

ಲೆಕ್ಕಕ್ಕೆ ಬರುವುದು ಅರ್ಧ ಕೆಲಸ. ಆ ಲೆಕ್ಕವನ್ನು ನಮ್ಮ ಮಕ್ಕಳು ಓದಿ, ಪ್ರಶ್ನೆ ಕೇಳಿ, ಉತ್ತರ ಪಡೆಯುವಂತಾಗುವುದು ಉಳಿದ ಅರ್ಧ. ಈ ವಾರ ಮನೆಯಲ್ಲಿ ಐವರನ್ನು ಕೂರಿಸಿ ಇಪ್ಪತ್ತು ನಿಮಿಷ ಕೊಡಿ. ಬಂದ ಐದು ಹಾಳೆಗಳನ್ನು ಮುಂದಿನ ಜಮಾಅತ್ ಸಭೆಗೆ ತನ್ನಿ.